ಕೊನೆಯ ನಾಲ್ಕು ಹಾಳೆ

"ಬಾಗಿಲು ತಟ್ಟಿದ್ಯೋ, ಅಷ್ಟೇ ನಿನ್ನ ಕತೆ!" ಅಪ್ಪ ಪಿಸುಗುಟ್ಟಿದ.

ಪಿಪ್ಪಾಳ ಕೈ ಗಾಳಿಯಲ್ಲೇ ನಿಂತಿತು. ಮಧ್ಯಾಹ್ನ ಮೂರು ಗಂಟೆ. ಒಳಗೆ ಅಮ್ಮ ಮಲಗಿದ್ದಳು. ಗುಡ್ಡದ ಮೇಲಿನ ಟೆಲಿಸ್ಕೋಪಿನಲ್ಲಿ ರಾತ್ರಿಯಿಡೀ ದುಡಿಯುವವರ ಮನೆಗಳಲ್ಲಿ ಇದು ಕಟ್ಟುನಿಟ್ಟು: ಹಗಲು ಮಲಗಿದವರನ್ನು ಎಬ್ಬಿಸುವ ಹಾಗಿಲ್ಲ. ಇವರ ಮನೆಯಲ್ಲಂತೂ ಕಾಲಿಂಗ್ ಬೆಲ್ಲಿಗೂ ಬಟ್ಟೆ ಸುತ್ತಿತ್ತು.

"ಅಪ್ಪಾ, ಅರ್ಜೆಂಟು."

"ಮನೆಗೆ ಬೆಂಕಿ ಬಿದ್ದಿದೆಯಾ?"

"ಇಲ್ಲ..."

"ಮತ್ತೆ? ಎರಡು ರಾತ್ರಿ ಬರೀ ಮೋಡ. ಟೆಲಿಸ್ಕೋಪಿನಲ್ಲಿ ಅವಳಿಗೆ ಉಳಿದಿರೋದು ಇನ್ನೊಂದೇ ರಾತ್ರಿ. ಪಾಪ, ಮಲಗ್ಲಿ ಬಿಡು." ಅಪ್ಪ ಆಕಳಿಸುತ್ತಾ ಅಂಗಡಿಗೆ ಹೊರಟ.

ಇನ್ನೊಂದೇ ರಾತ್ರಿ! ಪಿಪ್ಪಾಳ ಸಂಕಟವೂ ಅದೇ.

ಅಮ್ಮ ದೂರದ ಗ್ಯಾಲಕ್ಸಿಗಳ ಒಂದು ಹಿಂಡಿನ ಹಿಂದೆ ಬಿದ್ದಿದ್ದಳು. ಒಂದೊಂದರ ಬೆಳಕನ್ನೂ ಹಿಡಿದು, ಅದು ಎಷ್ಟು ಜೋರಾಗಿ ಓಡುತ್ತಿದೆ ಎಂದು ಅಳೆಯಬೇಕು. ಬೆಳಕು ಹಿಡಿಯುವ ಗಾಜಿನ ಎಳೆಗಳೋ ಎಣಿಸಿದಷ್ಟೇ. ಒಂದು ಗ್ಯಾಲಕ್ಸಿಗೆ ಒಂದು ಎಳೆ. ಆದರೆ ಕಂಪ್ಯೂಟರ್ ಕೊಟ್ಟ ಲಿಸ್ಟಿನಲ್ಲಿ ನಮ್ಮ ಹತ್ತಿರದ ನಕ್ಷತ್ರಗಳೂ ಕಳ್ಳರ ಹಾಗೆ ನುಸುಳಿರುತ್ತವೆ. ಅಂಥದಕ್ಕೆ ಹೋದ ಎಳೆ ದಂಡ.

"ನಾನು ಹುಡುಕ್ತೀನಿ, ಪ್ಲೀಸ್ ಅಮ್ಮಾ!" ಎಂದು ಗೋಗರೆದು ಪಿಪ್ಪಾ ಹನ್ನೆರಡು ಹಾಳೆ ಫೋಟೋ ಇಸಿದುಕೊಂಡಿದ್ದಳು. ಅಂಚು ಮಸುಕಾಗಿದ್ದರೆ ಗ್ಯಾಲಕ್ಸಿ, ಟಿಕ್. ಚೂಪು ಚುಕ್ಕಿಯಾದರೆ ನಕ್ಷತ್ರ, ಇಂಟು. ಎಂಟು ಹಾಳೆ ಮುಗಿಯುವಷ್ಟರಲ್ಲಿ ಕಣ್ಣು ಉರಿ, ಕತ್ತು ನೋವು. ಉಳಿದ ನಾಲ್ಕಕ್ಕೆ ನೋಡದೆಯೇ ಟಿಕ್, ಟಿಕ್, ಟಿಕ್.

ಬೆಳಿಗ್ಗೆ ಅಮ್ಮ ಅದನ್ನೇ ನಂಬಿ ಲಿಸ್ಟ್ ಗುಡ್ಡಕ್ಕೆ ಕಳಿಸಿಬಿಟ್ಟಿದ್ದಳು. ಐದು ಗಂಟೆಗೆ ಅಲ್ಲಿನ ಯಂತ್ರ ಎಳೆಗಳನ್ನು ಜೋಡಿಸಲು ಶುರುಮಾಡುತ್ತದೆ.

ಪಿಪ್ಪಾ ಬಾಗಿಲು ತಟ್ಟಿದಳು.

"ಏನೇ ಅದು?" ಅಮ್ಮನಿಗೆ ಕಣ್ಣೇ ಬಿಡಲಾಗುತ್ತಿರಲಿಲ್ಲ. ಪಿಪ್ಪಾ ಅಳುತ್ತಾ ಎಲ್ಲಾ ಹೇಳಿದಳು.

ಅಮ್ಮ ಬೈಯಲಿಲ್ಲ. ಅದೇ ಕಷ್ಟವಾಯಿತು. "ಸುಸ್ತಾಯ್ತು ಅಂತ ಒಂದ್ಮಾತು ಹೇಳೋಕೇನಾಗಿತ್ತು ನಿಂಗೆ?" ಎಂದಷ್ಟೇ ಹೇಳಿ ಗುಡ್ಡಕ್ಕೆ ಫೋನ್ ಮಾಡಿದಳು. "ಆ ಲಿಸ್ಟ್ ಬೇಡ. ಹೊಸದು ಕಳಿಸ್ತೀನಿ."

ಅಡುಗೆಮನೆಯ ಮೇಜಿನ ಮೇಲೆ ಇಬ್ಬರೂ ನಾಲ್ಕು ಹಾಳೆ ತಿದ್ದಿದರು. ಮೂವತ್ತೊಂದು ನಕ್ಷತ್ರ ಸಿಕ್ಕವು. ಅಮ್ಮ ಎರಡು ಸಲ ತೂಕಡಿಸಿದಳು. ಚಹಾ ಹಾಗೇ ಆರಿಹೋಯಿತು.

ಸದ್ಯ ಮುಗಿಯಿತು ಎಂದು ಪಿಪ್ಪಾ ಪೆನ್ನು ಮುಚ್ಚಿದಳು. ಅಮ್ಮ ಕಣ್ಣುಜ್ಜಿಕೊಂಡು ಮೊದಲನೇ ಹಾಳೆ ಎಳೆದುಕೊಂಡಳು.

"ಅಮ್ಮಾ, ಅದನ್ನ ನಿಜವಾಗ್ಲೂ ನೋಡಿದ್ದೀನಿ! ದೇವರಾಣೆ!"

"ಇರಬಹುದು ಮರಿ," ಅಂದಳು ಅಮ್ಮ. ಅಂದು, ಮೊದಲ ಚುಕ್ಕಿಯ ಮೇಲೆ ಬಗ್ಗಿದಳು.

ಇನ್ನೂ ಎಂಟು ಹಾಳೆ. ಪಿಪ್ಪಾ ಕುರ್ಚಿಯನ್ನು ಅಮ್ಮನ ಪಕ್ಕಕ್ಕೆ ಎಳೆದುಕೊಂಡು, ಆ ಚುಕ್ಕಿಯ ಕೆಳಗೆ ಬೆರಳಿಟ್ಟಳು.

"ಅಂಚು ಮಸುಕಾಗಿದೆ," ಅಂದಳು ಮೆಲ್ಲಗೆ. "ನೀನೂ ನೋಡಿ ಹೇಳಮ್ಮಾ."