ಹೆಪ್ಪಿನಷ್ಟು ಕಾಂತಶಕ್ತಿ

“ಆ ವೈರ್ ಕೆಳಗಿಡಿ...”

ಲ್ಯಾಬಿನ ಬಾಗಿಲಲ್ಲೇ ಅವಳ ಕಾಲು ನಿಂತುಬಿಟ್ಟಿತು. ಅವಳ ರಿಲಕ್ಟೆನ್ಸ್ ಜನರೇಟರ್ ಪಕ್ಕ ಬ್ಯಾಟರಿಯ ವೈರ್ ಹಿಡಿದು ಕೂತಿದ್ದವನು ಯಂತ್ರಗಳಿಗೆ ತಂತಿ ಸುತ್ತುವ, ವೈಂಡಿಂಗ್ ಕೆಲಸದ ಮೌನಿ. ಎಲ್ಲರೂ ಇಟ್ಟ ಹೆಸರಿಗೆ ತಕ್ಕ ಮನುಷ್ಯ. ತಲೆಯಾಡಿಸಿದರೆ ಅದೇ ದೊಡ್ಡ ಮಾತು.

ಮೂರು ವರ್ಷದ ಸಂಶೋಧನೆ ಅವಳದು. ಆ ಯಂತ್ರದ ತಿರುಗುವ ಭಾಗ, ರೋಟರಿನಲ್ಲಿ ತಂತಿಯಿಲ್ಲ, ಆಯಸ್ಕಾಂತವಿಲ್ಲ, ಬರೀ ಕಬ್ಬಿಣ. ಹಿಂದಿನ ಓಟದಿಂದ ಅದರಲ್ಲಿ ಉಳಿದ ಚೂರು ಕಾಂತಶಕ್ತಿಯೇ, ಹಾಲಿಗೆ ಹಾಕಿದ ಹೆಪ್ಪಿನ ಹಾಗೆ, ಕೆಪಾಸಿಟರ್‌ಗಳ ನೆರವಿನಿಂದ ಬೆಳೆದು ಕರೆಂಟು ಕೊಡಬೇಕು. ಶುರುಮಾಡಲು ದಿನಾ ಬ್ಯಾಟರಿ ಮುಟ್ಟಿಸಬೇಕಿಲ್ಲ ಎಂಬುದೇ ಅವಳ ವಾದ.

“ದಿನಾ ನಾನು ಬರೋಕೆ ಮುಂಚೆ ಹೀಗೇ ಮಾಡ್ತಿದ್ರಾ?”

“ಇಲ್ಲ ಮೇಡಂ...”

“ನನ್ನ ರೀಡಿಂಗೆಲ್ಲ ಸುಳ್ಳಾ? ಹನ್ನೊಂದಕ್ಕೆ ಗೈಡ್ ಬರ್ತಾರೆ. ಏನಂತ ತೋರಿಸ್ಲಿ?”

ಅವನು ವೈರ್ ಕೆಳಗಿಟ್ಟ. ಎದ್ದು ಹೋದ.

ನಂಬಿದವನೇ ಹೀಗೆ ಮಾಡಿದನಲ್ಲ... ದಿನಾ ಬೆಳಗ್ಗೆ ಬೀಗ ತೆಗೆದು, ಅವನ ಹೆಜ್ಜೆ ಸದ್ದಿಗೆ ಕಾಯುತ್ತಿದ್ದ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಕಾಯುತ್ತಿದ್ದೆ... ಅಂದರೆ ಅವನು ಎಂದೂ ತನಗಿಂತ ಮೊದಲು ಬಂದೇ ಇಲ್ಲ!

ಯಂತ್ರ ಓಡಿಸಿದಳು. ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಅಂದರೆ ಇವತ್ತೂ ಅವನು ಬ್ಯಾಟರಿ ಮುಟ್ಟಿಸಿರಲಿಲ್ಲ. ನೋಟ್‌ಬುಕ್ಕಿನಲ್ಲಿ ನಿನ್ನೆಯ ಕೊನೆಯ ಸಾಲು ಅವಳದೇ ಅಕ್ಷರ: ‘ಬಲ್ಬುಗಳ ಲೋಡ್ ತೆಗೆಯದೆ ನಿಲ್ಲಿಸಿದೆ.’ ಲೋಡ್ ಇದ್ದಾಗಲೇ ನಿಲ್ಲಿಸಿದರೆ ಉಳಿದ ಕಾಂತಶಕ್ತಿ ಅಳಿದುಹೋಗುತ್ತದೆ. ಅವಸರದಲ್ಲಿ ಹೆಪ್ಪನ್ನು ತಾನೇ ತೊಳೆದು ಚೆಲ್ಲಿದ್ದಳು.

ವೈಂಡಿಂಗ್ ರೂಮಿಗೆ ಓಡಿದಳು.

“ತಪ್ಪಾಯ್ತು. ಆಗ್ಲೇ ಹೇಳ್ಬಾರ್ದಿತ್ತಾ?”

“ನೀವು ಬಿಟ್ರೆ ತಾನೆ?” ಅವನು ಕೈಯಲ್ಲಿದ್ದ ಕಾಯಿಲ್ ಕೆಳಗಿಟ್ಟ. “ನಿನ್ನೆ ಹೋಗ್ತಾ ಬಲ್ಬುಗಳು ಜೋಡಿಸಿದ ಹಾಗೇ ಇದ್ದದ್ದನ್ನ ನೋಡಿದೆ. ಗೈಡ್ ಮುಂದೆ ಕರೆಂಟು ಬರದಿದ್ರೆ ನೀವು ಅಳ್ತೀರಿ ಅಂತ ಬೆಳಗ್ಗೇನೇ ವಾಚ್‌ಮನ್ ಹತ್ರ ಕೀ ಇಸ್ಕೊಂಡೆ. ವೈರ್ ಹಿಡಿದ ಮೇಲೆ ನಿಮ್ಮ ನೋಟ್‌ಬುಕ್ ನೆನಪಾಯ್ತು. ಅದರಲ್ಲಿ ಒಂದೂ ಸುಳ್ಳಿಲ್ಲ. ಮೊದಲನೇ ಸುಳ್ಳು ನನ್ನಿಂದ ಆಗೋದು ಬೇಡ ಅನ್ನಿಸ್ತು.”

ಮೌನಿಯ ಬಾಯಲ್ಲಿ ಇಷ್ಟು ಮಾತೇ ಎಂದು ಅವಳು ನೋಡುತ್ತ ನಿಂತಳು. ಕಣ್ಣು ತುಂಬಿತ್ತು.

ಇಬ್ಬರೂ ಲ್ಯಾಬಿಗೆ ಮರಳಿ ಬ್ಯಾಟರಿಯನ್ನು ಒಂದು ಕ್ಷಣ ಮುಟ್ಟಿಸಿದರು. ‘ನನ್ನ ತಪ್ಪಿನಿಂದ ಇಂದು ಬ್ಯಾಟರಿ ಕೊಡಬೇಕಾಯಿತು’ ಎಂದು ಅವಳು ಬರೆದಳು. ಯಂತ್ರ ಓಡಿಸಿ, ಲೋಡ್ ತೆಗೆದು, ಸರಿಯಾಗಿ ನಿಲ್ಲಿಸಿ, ಬ್ಯಾಟರಿಯಿಲ್ಲದೆ ಮತ್ತೆ ಓಡಿಸಿದಳು. ಮುಳ್ಳು ಮೆಲ್ಲಗೆ ತಾನಾಗಿಯೇ ಎದ್ದು ಇನ್ನೂರಿಪ್ಪತ್ತು ವೋಲ್ಟಿನಲ್ಲಿ ನಿಂತಿತು.

“ನಾಳೆಯಿಂದ ಮತ್ತೆ ಬೀಗ ನಾನೇ ತೆಗೀತೀನಿ. ನೀವು ಆಮೇಲೆ ಬನ್ನಿ.”

“ಯಾಕೆ ಮೇಡಂ?”

“ನಿಮ್ಮ ಹೆಜ್ಜೆ ಸದ್ದು ಕೇಳ್ಬೇಕು. ನಾನು ಬೇಗ ಬರೋದೇ ಅದಕ್ಕೆ.”

ಅವನು ತಲೆ ತಗ್ಗಿಸಿ ನಕ್ಕ. “ನಾನೂ ಬೇಗಾನೇ ಬರ್ತೀನಿ. ಒಳಗೆ ಬರೋ ಧೈರ್ಯಕ್ಕೆ ಹೊರಗೆ ಐದು ನಿಮಿಷ ನಿಲ್ತೀನಿ...”

“ನಾಳೆ ನಿಲ್ಬೇಡಿ,” ಎಂದಳು.