ಘಾಟಿನ ರೂಢಿ

ಕೊಚ್ಚಿಯ ದೋಣಿಕಟ್ಟೆಯಲ್ಲಿ ಶ್ರದ್ಧಾ ಇಳಿದಾಗ ಫಕ್ಕೀರೇಶ ಅವಳನ್ನು ನೋಡಲೇ ಇಲ್ಲ. ದೋಣಿಯ ಇನ್ನೊಂದು ಬಾಗಿಲ ಕಡೆ ಕತ್ತು ಚಾಚಿ ನಿಂತಿದ್ದ. ಅವಳು ಸುಮ್ಮನೆ ಅವನ ಹಿಂದೆ ಹೋಗಿ ನಿಂತಳು. ಮೂರು ವರ್ಷ ಬರೀ ಫೋನಿನಲ್ಲಿದ್ದ ಮನುಷ್ಯನನ್ನು ಒಂದಿಷ್ಟು ಹೊತ್ತು ಪುಕ್ಕಟೆ ನೋಡುವ ಆಸೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಬೆನ್ನಿಗೆ ಬೆವರಿನಲ್ಲಿ ಅಂಟಿಕೊಂಡಿತ್ತು. ಸೊರಗಿದ್ದ.

“ಯಾರನ್ನ ಹುಡುಕಾಕತ್ತೀರಿ?”

ಅವನು ತಿರುಗಿದ. ಕಣ್ಣು ಮೊದಲು ನಕ್ಕವು, ಆಮೇಲೆ ಯಾಕೋ ನೆಲ ನೋಡಿದವು.

“ಬ್ಯಾಡಗಿಯಿಂದ ಒಬ್ಬಾಕಿ ಬರಾಕಿದ್ಲರಿ. ಸ್ವಲ್ಪ ಜಗಳಗಂಟಿ.”

“ಬಂದಿಲ್ಲೇನು?”

“ಬಂದಾಳ. ಫೋನಿನ್ಯಾಗ ಇಷ್ಟು ಚಂದ ಇರಲಿಲ್ಲ.”

ಅವಳಿಗೆ ಕಿವಿ ಬಿಸಿಯಾಯಿತು. ಈ ಊರಿನ ಸೆಕೆಗೆ, ಅಂದುಕೊಂಡಳು.

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು ಶ್ರದ್ಧಾ. ಫಕ್ಕೀರೇಶ ಮೊದಲು ಅದೇ ಅಂಗಡಿಯಲ್ಲಿ ಮಾಲು ಆರಿಸುತ್ತಿದ್ದ. ಕೊಚ್ಚಿಯ ಮಸಾಲೆ ಗೋದಾಮಿನಲ್ಲಿ ಕೆಲಸ ಸಿಕ್ಕಾಗ ಬ್ಯಾಡಗಿ ಸ್ಟೇಷನ್ನಿನಲ್ಲಿ ನಿಂತು, “ವ್ಯಾಪಾರ ಕಲ್ತು ಬಂದು ಸ್ವಂತ ಅಂಗಡಿ ಹಾಕ್ತೇನಿ, ಅಲ್ಲಿತನಕ ತಡಿ” ಎಂದಿದ್ದ. ಅವಳು ತಡೆದಿದ್ದಳು. ದಿನಾ ಸಂಜೆ ಫೋನು ಬರುತ್ತಿತ್ತು. ಇತ್ತೀಚೆಗೆ ಅವನು ಗೋದಾಮಿನ ಸುದ್ದಿ ಕಡಿಮೆ ಮಾಡಿದ್ದ.

ಆಫೀಸಿನವರು ಕಳಿಸಿದ್ದಾರೆಂದು ಮನೆಯಲ್ಲೂ ಹೇಳಿದ್ದಳು, ಅವನಿಗೂ ಹೇಳಿದ್ದಳು. ಸುಳ್ಳು. ಭಾನುವಾರ ಹಾವೇರಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಬೇಡವೆನ್ನಲು ಅವಳಿಗೊಂದು ಕಾರಣ ಬೇಕಿತ್ತು. ಆ ಕಾರಣ ಇನ್ನೂ ತನ್ನದೇ ಹೌದೋ ಅಲ್ಲವೋ ನೋಡಲು ಬಂದಿದ್ದಳು.

ಅವನು ಊರು ತೋರಿಸಿದ. ಸಮುದ್ರಕ್ಕೆ ತಲೆಬಾಗಿ ನಿಂತ ಚೀನಾ ಬಲೆಗಳು, ಪೋರ್ಚುಗೀಸರ ಕಾಲದ ಚರ್ಚು, ಡಚ್ಚರ ಹೆಸರು ಹೊತ್ತ ಅರಮನೆ. ಯಾವ ಯಾವ ದೇಶದವರೋ ಕಾಳುಮೆಣಸಿಗಾಗಿ ಹಡಗು ಹತ್ತಿ ಬಂದು ಇಲ್ಲೇ ಮಣ್ಣಾದ ಕಥೆಯನ್ನು ಗೈಡಿನ ಹಾಗೆ ಪಟಪಟ ಒಪ್ಪಿಸಿದ.

“ಇಷ್ಟೆಲ್ಲ ಯಾವಾಗ ಕಲ್ತಿ?”

“ಇಲ್ಲೇ ಇರತೇನಲ್ಲ, ಕಿವಿಗೆ ಬೀಳತೈತಿ.”

“ನಿನ್ನ ಗೋದಾಮು ತೋರಿಸು.”

“ಇವತ್ತು ರಜಾ.”

ಮಸಾಲೆ ಗೋದಾಮುಗಳಿದ್ದ ಮಟ್ಟಾಂಚೇರಿಯ ಓಣಿಗೆ ಬಂದಾಗ ರಜೆಯ ಲಕ್ಷಣವೇನೂ ಕಾಣಲಿಲ್ಲ. ಹಳೆಯ ಗೋದಾಮೊಂದರ ಬಾಗಿಲು ತೆರೆದಿತ್ತು. ಒಳಗಿನಿಂದ ಟೂರಿಸ್ಟರ ಗುಂಪೊಂದು ಮೂಗು ಮುಚ್ಚಿಕೊಂಡು, ಸೀನುತ್ತ ಓಡಿ ಬಂತು. ಶ್ರದ್ಧಾಳಿಗೆ ನಗು. ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವರಿಗೆ ಮೆಣಸಿನಕಾಯಿ ಘಾಟು ಲೆಕ್ಕಕ್ಕಿಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಯಾರಾದರೂ ಸೀನಿದರೆ, “ಪರ ಊರಿಂದ ಬಂದಾರ, ನೀರು ಕೊಡ್ರಿ” ಎನ್ನುತ್ತಾರೆ ಹಮಾಲರು.

ಅವಳು ಒಳಗೆ ಹೋಗಿ ಎದೆ ತುಂಬ ಉಸಿರೆಳೆದಳು. ಚೀಲಗಳ ನಡುವೆ ಒಂದು ಗಳಿಗೆ ಊರಿನಲ್ಲೇ ಇದ್ದಂತಾಯಿತು. ತಿರುಗಿ ನೋಡಿದರೆ ಫಕ್ಕೀರೇಶ ಬೀದಿಯ ಆಚೆ ಬದಿಯಲ್ಲಿ ನಿಂತು, ಬಾರದ ಫೋನನ್ನು ಕಿವಿಗೆ ಹಿಡಿದಿದ್ದ.

ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು; ಸ್ಟೇಷನ್ನು ನೀರಿನಾಚೆಯ ದಡದಲ್ಲಿ. ದೋಣಿಕಟ್ಟೆಯ ಬೆಂಚಿನ ಮೇಲೆ ಇಬ್ಬರೂ ಕುಳಿತರು, ನಡುವೆ ಅವಳ ಬ್ಯಾಗು. ಅದರೊಳಗಿಂದ ಅವಳೊಂದು ಪೊಟ್ಟಣ ತೆಗೆದಳು. ಈ ಸುಗ್ಗಿಯ ಹೊಸ ಮಾಲು, ಸುಕ್ಕು ಸುಕ್ಕಾದ ಕಡುಗೆಂಪು ಕಾಯಿ, ಅವಳೇ ಒಂದೊಂದಾಗಿ ಆರಿಸಿದ್ದು.

“ಮುರದು ನೋಡು. ಎಂಥಾ ಮಾಲು ಹೇಳು.”

ಅವನು ಒಂದು ಕಾಯಿಯನ್ನು ಬೆರಳಲ್ಲಿ ತಿರುಗಿಸಿದ. ಎಷ್ಟು ಒಣಗಿದೆ ಎಂದು ಸದ್ದಿನಲ್ಲೇ ತಿಳಿಯಲು, ಹಳೆಯ ರೂಢಿಯಂತೆ ಕಿವಿಯ ಹತ್ತಿರ ಹಿಡಿದು ಮುರಿದ. ಮೂಗಿಗೆ ಹಿಡಿದ.

ಸೀನು ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕಣ್ಣು ಮೂಗು ಸುರಿಯತೊಡಗಿದವು. ಕರ್ಚೀಫು ಹುಡುಕುತ್ತ ಅವನು ಮುಖ ಆಚೆ ತಿರುಗಿಸಿದ.

ಶ್ರದ್ಧಾ ನಗಲಿಲ್ಲ.

“ಯಾವಾಗ ಬಿಟ್ಟಿ ಗೋದಾಮು?”

ಅವನು ಬಹಳ ಹೊತ್ತು ಮೂಗೊರೆಸಿದ. “ವರ್ಷದ ಮ್ಯಾಲಾತು. ಮಾಲಕರು ಮುಚ್ಚಿದ್ರು. ಈಗ ಒಂದು ಹೋಂಸ್ಟೇನ್ಯಾಗ ಅದೇನಿ. ಟೂರಿಸ್ಟರ ಬ್ಯಾಗ್ ಎತ್ತತೇನಿ, ಊರು ತೋರಸ್ತೇನಿ.”

“ನಂಗ್ಯಾಕ ಹೇಳಲಿಲ್ಲ?”

“ಅಂಗಡಿ ಹಾಕ್ತೇನಿ ಅಂದಿದ್ದೆ. ಯಾ ಮುಖ ಇಟ್ಕೊಂಡು ಹೇಳಲಿ? ಹೇಳಿದ್ರ ಫೋನ್ ಎತ್ತೂದು ಬಿಡ್ತಿ ಅಂತ ಅಂಜಿಕಿ ಆತು. ದಿನಾ ಸಂಜಿಗೆ ನೀ ಬಿಟ್ರ ಇಲ್ಲಿ ನನ್ನ ಮಾತು ಯಾರಿಗೂ ತಿಳಿಯೂದಿಲ್ಲ, ಶ್ರದ್ಧಾ.”

ಅವಳಿಗೆ ಸಿಟ್ಟು ಬಂತು. ಅಳುವೂ ಬಂತು. ಇವನು ಇಲ್ಲಿ ಒಬ್ಬನೇ, ತಾನು ಅಲ್ಲಿ ಒಬ್ಬಳೇ. ನಡುವೆ ಇಲ್ಲದ ಅಂಗಡಿಯೊಂದನ್ನು ಇಬ್ಬರೂ ಕಾಯುತ್ತಿದ್ದರು.

“ನನ್ನೂ ಆಫೀಸಿನವರು ಕಳಿಸಿಲ್ಲ. ನಾನಾಗೇ ಬಂದೇನಿ. ಭಾನುವಾರ ಹಾವೇರಿಯವರು ನೋಡಾಕ ಬರ್ತಾರ.”

ಅವನು ನೀರು ನೋಡಿದ. “ಹುಡುಗ ಚಲೋ ಅದಾನೇನು?”

ಇಷ್ಟು ದೂರ ಬಂದದ್ದು ಈ ಮಾತು ಕೇಳಲಿಕ್ಕೇ? ಅವಳು ಎದ್ದಳು. ದೋಣಿ ಬಂದಿತ್ತು. ಪೊಟ್ಟಣವನ್ನು ಅವನ ಅಂಗೈಯಲ್ಲಿ ಇಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

“ನಂಗ ಅಂಗಡಿ ಬೇಕಾಗಿರಲಿಲ್ಲೋ, ನೀ ಬೇಕಾಗಿದ್ದಿ. ಊರಿಗೆ ಬರಬೇಕಂತಿದ್ರ ಇದನ್ನ ರೂಮಿನ್ಯಾಗ ಬಿಚ್ಚಿ ಇಡು. ರೂಢಿ ಮಾಡ್ಕೊ. ಬ್ಯಾಡಂದ್ರ ಸಾರಿಗೆ ಹಾಕ್ಕೊ.”

ಅವಳು ದೋಣಿ ಹತ್ತಿದಳು. ದೋಣಿ ಹೊರಟಿತು. ಕಟ್ಟೆಯ ಮೇಲೆ ಬಿಳಿ ಅಂಗಿ ನಿಂತೇ ಇತ್ತು, ಕೈ ಎತ್ತಲೂ ಮರೆತು.

ರೈಲಿನಲ್ಲಿ ಅವಳ ಎದುರಿನ ಸೀಟು ಖಾಲಿಯಿತ್ತು. ಹಿನ್ನೀರಿನ ಮೇಲೆ ಸೂರ್ಯ ಇಳಿಯುತ್ತಿದ್ದ. ಅವ್ವನ ಮೆಸೇಜು ಬಂದಿತ್ತು: ‘ಭಾನುವಾರ ಬರ್ರಿ ಅಂತ ಹೇಳಲೇನು?’ ಶ್ರದ್ಧಾ ಉತ್ತರ ಬರೆದಳು, ಅಳಿಸಿದಳು. ದಿನಾ ಫೋನು ಬರುವ ಹೊತ್ತು ಬಂತು. ಬರಲಿಲ್ಲ. ಆ ಹೊತ್ತು ದಾಟಿತು. ತ್ರಿಶ್ಶೂರಿನಲ್ಲಿ ರೈಲು ನಿಂತು ಹೊರಟಿತು. ಇಷ್ಟೇ ಇದ್ದದ್ದು ಎಂದು ಅವಳು ಕಿಟಕಿಗೆ ತಲೆಯಾನಿಸಿದಳು. ಅವಳ ಬೆರಳುಗಳಲ್ಲಿ ಇನ್ನೂ ಮೆಣಸಿನಕಾಯಿಯ ವಾಸನೆ. ಕಣ್ಣೊರೆಸಿಕೊಂಡದ್ದೇ ತಪ್ಪಾಯಿತು; ಉರಿ ಹತ್ತಿ ಮತ್ತಷ್ಟು ನೀರು ಬಂತು.

ಆಗ ಫೋನು ಬಂತು. ಅವಳು ಎತ್ತಿ ಕಿವಿಗೆ ಹಿಡಿದಳು. ಆ ಕಡೆಯಿಂದ ದೀರ್ಘವಾಗಿ ಉಸಿರೆಳೆದುಕೊಂಡ ಸದ್ದು. ಆಮೇಲೆ ಒಂದು ಸೀನು. ಮತ್ತೆ ಉಸಿರು, ಮತ್ತೆ ಸೀನು.

“ಫೋನ್ ಇಡಬ್ಯಾಡ,” ಎಂದ ಮೂಗು ಕಟ್ಟಿದ ದನಿಯಲ್ಲಿ. “ಇನ್ನೂ ರೂಢಿ ಆಗಿಲ್ಲ.”

ಅವಳು ಇಡಲಿಲ್ಲ. ಅವನು ಸೀನಿ ಸೀನಿ ಸುಸ್ತಾಗುವವರೆಗೆ ಕೇಳಿದಳು. ಆಮೇಲೆ ಅವ್ವನಿಗೆ ಫೋನು ಹಚ್ಚಿದಳು.

“ಹಾವೇರಿಯವರಿಗೆ ಬ್ಯಾಡ ಅಂತ ಹೇಳಬೇ.”

“ಯಾಕ? ಏನಾತು?”

“ನನ್ನ ಸಲುವಾಗಿ ಇಲ್ಲೊಬ್ಬಾವ ಸೀನಾಕತ್ತಾನ.”