ಫಕ್ಕೀರವ್ವನ ಮುಯ್ಯಿ

ಡಾಕ್ಟರ್ ಶಾಲ್ಮಲಾ ಮುದೇನೂರ ಅವರು ಹಮಾಲ ಬಾಷಾಸಾಬನ ಮುರಿದ ಮಣಿಕಟ್ಟನ್ನು ಎಳೆದು ಕೂರಿಸಿದಾಗ ಬಾಷಾಸಾಬ ತುಟಿ ಪಿಟಕ್ಕೆನ್ನಲಿಲ್ಲ. ಪರದೆಯ ಆಚೆ, ಸಾಲಾಗಿ ಹಾಕಿದ ಕುರ್ಚಿಗಳಲ್ಲಿ ಕುಳಿತಿದ್ದ ಆರು ಜನ ಮಾತ್ರ ಒಟ್ಟಿಗೆ ಹಲ್ಲು ಕಚ್ಚಿ ಉಸಿರೆಳೆದುಕೊಂಡರು. ಮುರಿದದ್ದು ಬಾಷಾಸಾಬನ ಕೈ. ಅದರ ನೋವನ್ನು ಉಂಡವರು ಅವರು.

ಆ ಯಂತ್ರಕ್ಕೆ ಶಾಲ್ಮಲಾ ಇಟ್ಟ ಹೆಸರು ವೇದನಾ ವಿಭಾಜಕ. ಬ್ಯಾಡಗಿಯ ಜನ ಅದನ್ನು ಪಾಲಿನ ಯಂತ್ರ ಎಂದರು, ಆ ಹೆಸರೇ ನಿಂತಿತು. ರೋಗಿಯ ಕೊರಳಿಗೆ ಒಂದು ಪಟ್ಟಿ, ದಾನಿಗಳ ಕೊರಳಿಗೆ ಒಂದೊಂದು ಪಟ್ಟಿ. ರೋಗಿಯ ನರಗಳಲ್ಲಿ ಮಿದುಳಿನ ಕಡೆಗೆ ಹೊರಟ ನೋವಿನ ಸಂಕೇತವನ್ನು ಯಂತ್ರ ದಾರಿಯಲ್ಲೇ ಹಿಡಿದು, ಪಾಲು ಮಾಡಿ, ಕುರ್ಚಿಯಲ್ಲಿದ್ದವರಿಗೆ ಹಂಚುತ್ತಿತ್ತು. ಒಬ್ಬನಿಗೆ ತಡೆಯಲಾರದ್ದು ಆರು ಜನರಿಗೆ ಬಂದಾಗ ಹಲ್ಲುನೋವಿನಷ್ಟಾಗುತ್ತಿತ್ತು. ಯಾರಿಗೂ ಹೆಚ್ಚು ಕಡಿಮೆಯಾಗಬಾರದೆಂದು ಶಾಲ್ಮಲಾ ಅದರಲ್ಲಿ ಸಮಪಾಲಕವೆಂಬ ಒಂದು ಭಾಗವನ್ನೂ ಕೂಡಿಸಿದ್ದರು. ಯಾವ ಕುರ್ಚಿಯಲ್ಲಿ ನೋವು ಹೆಚ್ಚಾಯಿತೋ ಅಲ್ಲಿಂದ ತೆಗೆದು, ಕಡಿಮೆ ಇದ್ದ ಕುರ್ಚಿಗೆ ಹಾಕುವುದು ಅದರ ಕೆಲಸ. ನ್ಯಾಯವೆಂದರೆ ಹೀಗಿರಬೇಕೆಂದು ಅವರಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಇಷ್ಟೆಲ್ಲ ಸರ್ಕಸ್ಸು ಏಕೆಂದರೆ, ಆ ಕಾಲಕ್ಕೆ ಅರಿವಳಿಕೆ ಮದ್ದಿನಿಂದ ಹಿಡಿದು ನೋವಿನ ಗುಳಿಗೆಯವರೆಗೆ ಎಲ್ಲವೂ ವಿಮಾ ಕಾರ್ಡಿಗೆ ಅಂಟಿಕೊಂಡಿತ್ತು. ಕಾರ್ಡು ಇದ್ದವರಿಗೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳು, ಬಾಗಿಲಿಗೆ ಬಂದು ನಿಲ್ಲುವ ಆಂಬುಲೆನ್ಸುಗಳು. ಮಾರುಕಟ್ಟೆಯ ದಿನಗೂಲಿಯವರಿಗೆ ಕಾರ್ಡು ಎಲ್ಲಿಂದ ಬರಬೇಕು? ಅವರಿಗಾಗಿ ಈ ಧರ್ಮಾಸ್ಪತ್ರೆ. ಮೆಣಸಿನಕಾಯಿ ಇಡುತ್ತಿದ್ದ ಹಳೆಯ ಕೋಲ್ಡ್ ಸ್ಟೋರೇಜನ್ನು ಒಬ್ಬರು ಬಿಟ್ಟುಕೊಟ್ಟಿದ್ದರು. ಮಂಚಗಳನ್ನು ಒಬ್ಬರು, ಬ್ಯಾಂಡೇಜು ಬಟ್ಟೆಯನ್ನು ಒಬ್ಬರು ಕೊಟ್ಟಿದ್ದರು. ಅರಿವಳಿಕೆಯನ್ನು ದಾನ ಕೊಡಲು ಮಾತ್ರ ಕಾನೂನಿನ ಅಡ್ಡಿ. ಹಾಗಾಗಿ ಶಾಲ್ಮಲಾ ಜನರಿಂದ ಅವರ ಮೈಯನ್ನೇ ಒಂದು ಗಂಟೆಯ ಮಟ್ಟಿಗೆ ದಾನ ಕೇಳಿದರು.

ಮೊದಮೊದಲು ಕುರ್ಚಿಗಳು ತುಂಬುತ್ತಿರಲಿಲ್ಲ. ಆಮೇಲೆ, ಅವರು ಎಣಿಸದ ಕಡೆಯಿಂದ ದಾನಿಗಳು ಬಂದರು. ವಾಸಿಯಾಗಿ ಹೋದ ರೋಗಿಗಳೇ ತಿರುಗಿ ಬಂದು ಕುರ್ಚಿಯಲ್ಲಿ ಕುಳಿತರು. ಈ ಸೀಮೆಯಲ್ಲಿ ಮದುವೆಗೆ ಒಬ್ಬರು ಸೀರೆ ಇಟ್ಟರೆ ಅವರ ಮನೆಯ ಮದುವೆಗೆ ಸೀರೆ ಇಡಬೇಕು; ಅದು ಮುಯ್ಯಿ. ಮುಯ್ಯಿ ತೀರಿಸದವರ ಮುಖವನ್ನು ಓಣಿಯಲ್ಲಿ ಯಾರೂ ನೆಟ್ಟಗೆ ನೋಡುವುದಿಲ್ಲ. ತಮ್ಮ ನೋವನ್ನು ಆರು ಜನ ಉಂಡರೆಂದ ಮೇಲೆ ಸುಮ್ಮನೆ ಕೂರುವುದು ಹೇಗೆ? ಶಾಲ್ಮಲಾಗೆ ದಾನಿಗಳ ಚಿಂತೆ ತಪ್ಪಿತು. ಪಟ್ಟಿ ಕಟ್ಟುವ ಮೊದಲು ಎಲ್ಲರನ್ನೂ ಒಂದು ಮಾತು ಕೇಳುತ್ತಿದ್ದರು, "ನಿಮಗೇನಾದರೂ ಬ್ಯಾನಿ ಐತೇನ್ರಿ?" ಎಲ್ಲರೂ ಇಲ್ಲವೆನ್ನುತ್ತಿದ್ದರು. ಮುಯ್ಯಿ ಕೊಡಲು ಬಂದವರು ಇನ್ನೇನು ಹೇಳಿಯಾರು? ಅಷ್ಟು ಓದಿದ ಶಾಲ್ಮಲಾಗೆ ಇದು ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಬಾಷಾಸಾಬನ ಕೈ ಕೂರಿಸಿದ ಆ ಭಾನುವಾರ ಮೊದಲನೆಯ ಕುರ್ಚಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ ಮುರಿಗೆಪ್ಪ ಶೆಟ್ಟರ ಇದ್ದರು. ದಷ್ಟಪುಷ್ಟ ಮೈ, ಒಂದು ದಿನ ನೆಗಡಿಯಾದವರಲ್ಲ. ದಾನಿಗಳ ಪೈಕಿ ಕಾರ್ಡು ಇದ್ದವರು ಅವರೊಬ್ಬರೇ; ಕುರ್ಚಿಯಲ್ಲಿ ಕುಳಿತದ್ದು ಅಂದೇ ಮೊದಲು. ಕೊನೆಯ ಕುರ್ಚಿಯಲ್ಲಿ ಫಕ್ಕೀರವ್ವ. ಶೆಟ್ಟರ ಅಂಗಳದಲ್ಲೇ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸು. ತೊಟ್ಟು ತೆಗೆಯುವ ಯಂತ್ರಗಳು ಬಂದು ಎಷ್ಟೋ ಕಾಲವಾಗಿತ್ತು, ಆದರೆ ಬ್ಯಾಡಗಿ ಕಾಯಿಯ ಸುಕ್ಕುಸಿಪ್ಪೆ ಅವುಗಳಲ್ಲಿ ಹರಿದುಹೋಗುತ್ತಿದ್ದುದರಿಂದ ಆ ಕೆಲಸ ಹೆಂಗಸರ ಬೆರಳಲ್ಲೇ ಉಳಿದಿತ್ತು. ಹಿಂದೊಮ್ಮೆ ಅವಳ ಬೆನ್ನಿನ ಕುರುವನ್ನು ಇಲ್ಲಿಯೇ ಕೊಯ್ದಿದ್ದರು. ಅಂದಿನಿಂದ ಅವಳು ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ. ಮುಯ್ಯಿ ಎಂದೋ ತೀರಿತು, ಇನ್ನು ಸಾಕೆಂದರೆ, "ಇಲ್ಲಿ ಕುಂತ್ರ ನನಗ ಹಗುರ ಆಗತೈತ್ರಿ ಡಾಕ್ಟರಮ್ಮಾರ. ಕೊಡೋದ್ರಾಗ ಏನೋ ಸುಖ ಐತಿ," ಎಂದು ನಗುತ್ತಿದ್ದಳು. ಆ ಮಾತನ್ನು ಶಾಲ್ಮಲಾ ದಾನಿಗಳ ಸಭೆಯೊಂದರಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದರು.

ಬಾಷಾಸಾಬನ ಕೈಗೆ ಪ್ಲಾಸ್ಟರ್ ಹಾಕುತ್ತಿರುವಾಗಲೇ ಶೆಟ್ಟರು ಎದೆ ಹಿಡಿದುಕೊಂಡು ಮುಂದಕ್ಕೆ ಬಾಗಿದರು. ಮೈಯೆಲ್ಲ ಬೆವರು. "ಯಾರೋ ಎದಿ ಮ್ಯಾಲೆ ಚೀಲ ಹೇರಿದಂಗ ಆಗಾಕತ್ತೈತ್ರಿ. ಎಡಗೈ ಪೂರ್ತಿ ಜೋಮು," ಎಂದರು. ಶಾಲ್ಮಲಾ ಯಂತ್ರ ನಿಲ್ಲಿಸಿದರು. ಕಾರ್ಡಿನ ಮಹಿಮೆ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಆಂಬುಲೆನ್ಸ್ ಬಂದು ಶೆಟ್ಟರನ್ನು ಹುಬ್ಬಳ್ಳಿಗೆ ಎತ್ತಿಕೊಂಡು ಹೋಯಿತು. ಉಳಿದ ಐವರು ಕೊರಳಪಟ್ಟಿ ಬಿಚ್ಚಿಟ್ಟು ಮನೆಗೆ ಹೋದರು. ಫಕ್ಕೀರವ್ವ ಹೋಗುವ ಮುನ್ನ ಕುರ್ಚಿಗಳನ್ನು ಗೋಡೆಗೆ ಸರಿಸಿಟ್ಟು, "ಪಾಪ, ಸಾವ್ಕಾರ್ರು," ಎಂದು ಲೊಚಗುಟ್ಟಿದಳು.

ಮರುದಿನ ಬೆಳಿಗ್ಗೆ ಶೆಟ್ಟರ ಫೋನು ಬಂತು. ದನಿ ಗಟ್ಟಿಯಾಗಿಯೇ ಇತ್ತು.

"ಡಾಕ್ಟ್ರ, ನನಗ ಏನೂ ಇಲ್ಲಂತ್ರಿ. ಅಡಿಯಿಂದ ಮುಡಿತನಕ ನೋಡ್ಯಾರ. ಎದಿ ಛಲೋ ಐತಿ, ಕಿಡ್ನಿ ಛಲೋ ಐತಿ, ಇಪ್ಪತ್ತರ ಹುಡುಗನಂಗ ಅದೀರಿ ಅಂದ್ರು."

"ಬಹಳ ಸಂತೋಷ."

"ಸಂತೋಷ ಹೌದ್ರಿ. ಆದ್ರ ಅದು ಸುಳ್ಳು ನೋವಲ್ಲ. ಸಾಯ್ತೀನಿ ಅಂತ ಅನಿಸಿತ್ತು ನನಗ. ಮತ್ತ ಅದು ಯಾರ ನೋವ್ರಿ?"

ಶಾಲ್ಮಲಾ ಲೆಕ್ಕ ಹಾಕಿದರು. ಬಾಷಾಸಾಬನಿಗೆ ಮಣಿಕಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ; ಅವನನ್ನು ತಾವೇ ತಪಾಸಣೆ ಮಾಡಿದ್ದರು. ರೋಗಿಯದಲ್ಲವೆಂದರೆ ಕುರ್ಚಿಯವರದು. ಸಮಪಾಲಕಕ್ಕೆ ಯಾರ ನೋವು ಯಾರದೆಂಬುದು ತಿಳಿಯದು. ಕುರ್ಚಿಯಲ್ಲಿ ಕುಳಿತವರ ಸ್ವಂತ ಬೇನೆಯೂ ಅದಕ್ಕೆ ಹೆಚ್ಚಿನ ಪಾಲೇ. ಅದನ್ನು ತೆಗೆದು, ಎಲ್ಲರಿಗಿಂತ ಕಡಿಮೆ ನೋವಿದ್ದವನ ಮೈಗೆ ಹಾಕಿದೆ. ಅಂಥ ಮೈ ಇದ್ದದ್ದು ಶೆಟ್ಟರದು. ಇಲ್ಲಿ ಕುಂತರೆ ಹಗುರಾಗುತ್ತದೆ ಎಂಬ ಮಾತು ಈಗ ಅವರ ಕಿವಿಯಲ್ಲಿ ಬೇರೆಯೇ ಆಗಿ ಕೇಳಿಸಿತು.

"ಶೆಟ್ಟರೇ, ಎದೆನೋವಿನ ಜೊತೆ ಬೇರೆ ಏನಾದರೂ ಆಯಿತೇ? ನೆನಪು ಮಾಡಿಕೊಳ್ಳಿ."

"ಬೆರಳ ತುದಿ ಉರಿದ್ವುರಿ. ಎರಡೂ ಕೈದು. ಸಣ್ಣಾಂವ ಇದ್ದಾಗ ನಮ್ಮಪ್ಪ ನನ್ನನ್ನ ತೊಟ್ಟು ಬಿಡಸಾಕ ಕುಂದರ್ಸ್ತಿದ್ದ. ಆ ಉರಿ ಮರ್ಯಾಕ ಬರಂಗಿಲ್ರಿ." ಅಷ್ಟು ಹೇಳಿದ ಮೇಲೆ ಅವರಿಗೇ ಹೊಳೆಯಿತು. "ಅಂದ್ರ ಆಕಿ ನಮ್ಮ ಫಕ್ಕೀರವ್ವ ಏನ್ರಿ?"

ಶಾಲ್ಮಲಾ ಇಸಿಜಿ ಪೆಟ್ಟಿಗೆ ಹಿಡಿದುಕೊಂಡು ಶೆಟ್ಟರ ಅಂಗಳಕ್ಕೇ ಓಡಿದರು. ಕೆಂಪು ರಾಶಿಯ ಪಕ್ಕದಲ್ಲಿ ಹೆಂಗಸರು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದರು. ಫಕ್ಕೀರವ್ವ ಕಂಬಕ್ಕೊರಗಿ ಕುಳಿತಿದ್ದಳು, ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ತೊಟ್ಟು ಬಿಡಿಸುವುದನ್ನು ಮಾತ್ರ ಕೈ ನಿಲ್ಲಿಸಿರಲಿಲ್ಲ.

"ಎದೆನೋವು ಎಷ್ಟು ದಿನದಿಂದ?"

"ಅದು ನಂದಲ್ರಿ," ಎಂದಳು ಅವಳು. "ಐತವಾರ ತಗೊಂಡ ಮಂದಿ ನೋವು. ಸಲ್ಪ ಮೈಯಾಗ ಉಳ್ಕೊಂತೈತಿ. ಮತ್ತ ಐತವಾರ ಹೊಸಾದು ಬಂದ ಕೂಡ್ಲೆ ಹಳೇದು ಹೋಗತೈತಿ. ಚಿಂತಿ ಮಾಡಬ್ಯಾಡ್ರಿ."

ಇಸಿಜಿಯ ಗೆರೆ ನೋಡಿ ಶಾಲ್ಮಲಾಗೆ ಅಳು ಬಂತು. ಹೃದಯದ ರಕ್ತನಾಳ ಬಹುಮಟ್ಟಿಗೆ ಮುಚ್ಚಿಹೋಗಿರುವ ಗುರುತು ಅದರಲ್ಲಿತ್ತು. ಇಷ್ಟು ತಿಂಗಳು ಅವಳ ಮೈ ಕೂಗಿ ಹೇಳಿದ್ದನ್ನು ಅವಳು ಪರರ ಮಾತೆಂದು ತಿಳಿದು ಸುಮ್ಮನಿದ್ದಳು. ಹಾಗೆ ತಿಳಿಯಲು ಕಾರಣವಾದದ್ದು ತಮ್ಮ ಯಂತ್ರ. ಪಾಲಿನ ಯಂತ್ರ ನೋವನ್ನು ಹಂಚಿತು, ರೋಗವನ್ನು ಹಂಚಲಿಲ್ಲ. ನೋವು ಕಾರ್ಡು ಇದ್ದವನ ಕಡೆಗೆ ಹೋಯಿತು, ಅದರ ಹಿಂದೆಯೇ ಆಂಬುಲೆನ್ಸೂ ಹೋಯಿತು. ರೋಗ ಮಾತ್ರ ಮೆಣಸಿನಕಾಯಿ ರಾಶಿಯ ಪಕ್ಕದಲ್ಲಿ ಉಳಿಯಿತು.

ಧರ್ಮಾಸ್ಪತ್ರೆಯಲ್ಲಿ ಎದೆಯ ಚಿಕಿತ್ಸೆ ಸಾಧ್ಯವಿರಲಿಲ್ಲ. ಹುಬ್ಬಳ್ಳಿಯಲ್ಲಿ ಕಾರ್ಡು ಇಲ್ಲದವರಿಗೆ ಹೇಳುವ ದರ ಕೇಳಿದರೆ ಆರೋಗ್ಯವಂತರ ಎದೆಯೂ ನಿಲ್ಲಬೇಕು. ಅಷ್ಟರಲ್ಲಿ ಶೆಟ್ಟರು ಹುಬ್ಬಳ್ಳಿಯಿಂದ ನೇರ ಅಂಗಳಕ್ಕೇ ಬಂದಿಳಿದರು. ವಿಷಯ ಕೇಳಿ, "ಖರ್ಚು ನಂದು. ಈಗ್ಲೇ ಹೊಂಡ್ರಿ," ಎಂದರು.

ಫಕ್ಕೀರವ್ವ ಏಳಲಿಲ್ಲ.

"ಒಲ್ಲೆ ಸಾವ್ಕಾರ್ರ. ಇಷ್ಟು ದೊಡ್ಡದನ್ನ ನಾ ಎಲ್ಲಿಂದ ತಿರುಗಿ ಕೊಡ್ಲಿ? ಕುರುದ ನೋವಂದ್ರ ಕುರ್ಚ್ಯಾಗ ಕುಂತು ತೀರಿಸಿದ್ನಿ. ಇದನ್ನ ನನ್ನ ಮಗಳ ತಲಿ ಮ್ಯಾಲೆ ಬಿಟ್ಟು ಹೋಗ್ಲೇನು?"

"ತಿರುಗಿ ಕೊಡು ಅಂತ ಯಾರಂದ್ರು?"

"ಯಾರೂ ಅನ್ನಂಗಿಲ್ರಿ. ಅದಕ್ಕ ತ್ರಾಸು."

ಶಾಲ್ಮಲಾ ತಮಗೆ ಗೊತ್ತಿದ್ದುದನ್ನೆಲ್ಲ ಹೇಳಿದರು. ರಕ್ತನಾಳ ಹೇಗೆ ಮುಚ್ಚುತ್ತದೆ, ಮುಚ್ಚಿದರೆ ಏನಾಗುತ್ತದೆ ಎಂದು ಬಿಡಿಸಿ ಬಿಡಿಸಿ ವಿವರಿಸಿದರು. ಅವಳು ತಲೆಯಾಡಿಸುತ್ತ ಕೇಳಿದಳು, ಕೇಳಿ ಮತ್ತೆ ಒಲ್ಲೆ ಎಂದಳು. ಬದುಕಬೇಕೆಂಬ ಆಸೆ ಅವಳಿಗಿರಲಿಲ್ಲ ಎಂದಲ್ಲ. ಋಣದಲ್ಲಿ ಬದುಕುವುದು ಅವಳಿಗೆ ಗೊತ್ತಿರಲಿಲ್ಲ.

ಆಗ ಶೆಟ್ಟರು ಧೋತರದ ಚುಂಗು ಎತ್ತಿಕೊಂಡು ಅವಳ ಎದುರು ನೆಲದ ಮೇಲೇ ಕುಳಿತರು.

"ಫಕ್ಕೀರವ್ವ, ಕೇಳಿಲ್ಲಿ. ನಿನ್ನ ನೋವು ಹಿಡ್ಕೊಂಡು ನಾ ಹುಬ್ಬಳ್ಳಿಗೆ ಹೋದೆ. ಅಲ್ಲಿ ಮೈಯೆಲ್ಲಾ ನೋಡಿದ್ರು. ನನ್ನ ಕಿಡ್ನ್ಯಾಗ ಒಂದು ಗಡ್ಡಿ ಸಿಕ್ಕೈತಿ. ಇನ್ನೂ ಸಣ್ಣದು. ಇನ್ನೊಂದು ವರ್ಷ ಬಿಟ್ಟಿದ್ರ ನಾ ಉಳೀತಿದ್ದಿಲ್ಲಂತ. ನಿನ್ನ ನೋವು ಬರ್ಲಿಲ್ಲ ಅಂದಿದ್ರ ನಾ ಯಾಕ ದವಾಖಾನಿಗೆ ಹೊಕ್ಕಿದ್ದೆ? ಈಗ ಮುಯ್ಯಿ ಇರೋದು ನನ್ನ ಮ್ಯಾಲೆ. ತೀರಸಾಕ ಬಿಡ್ತಿಯೋ ಇಲ್ಲೋ?"

ಫಕ್ಕೀರವ್ವ ತೊಟ್ಟು ಬಿಡಿಸುವುದನ್ನು ನಿಲ್ಲಿಸಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ, "ಖರೇನ್ರಿ?" ಎಂದಳು.

ಶಾಲ್ಮಲಾ ಜೀವನದಲ್ಲಿ ಒಂದು ಅಂಕಿಯನ್ನೂ ತಿದ್ದಿ ಬರೆದವರಲ್ಲ. ಬೆಳಿಗ್ಗೆ ಫೋನಿನಲ್ಲಿ ಕೇಳಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಶೆಟ್ಟರು ನೆಲ ನೋಡುತ್ತಿದ್ದರು.

"ಖರೇ," ಎಂದರು ಶಾಲ್ಮಲಾ.

ಚಿಕಿತ್ಸೆ ಆಯಿತು, ಫಕ್ಕೀರವ್ವ ಉಳಿದಳು. ಆದರೆ ಶಾಲ್ಮಲಾಗೆ ನಿದ್ದೆ ಹತ್ತಲಿಲ್ಲ. ಮುಯ್ಯಿಗೆಂದು ಬರುತ್ತಿದ್ದವರನ್ನೆಲ್ಲ ಕರೆಸಿ ತಪಾಸಣೆ ಮಾಡಿದರೆ ಒಬ್ಬರಿಗೆ ಹೊಟ್ಟೆಹುಣ್ಣು, ಒಬ್ಬರಿಗೆ ಪಿತ್ತಕೋಶದ ಹರಳು. ಎಲ್ಲರೂ ಹೇಳಿದ್ದು ಒಂದೇ ಮಾತು, ಇದು ನಮ್ಮದಲ್ಲ, ಮಂದಿಯದು. ಶಾಲ್ಮಲಾ ಸಮಪಾಲಕವನ್ನು ಕಿತ್ತು ಹಾಕಿದರು. ಅಂದಿನಿಂದ ಕುರ್ಚಿಯಲ್ಲಿ ಕುಳಿತವರಿಗೆ ಹಗುರವಾಗುವುದು ನಿಂತಿತು. ಕೊಡುವುದರಲ್ಲಿ ಮೊದಲಿನ ಸುಖವಿಲ್ಲವೆಂದು ಗೊಣಗುತ್ತ ಕೆಲವರು ಬರುವುದನ್ನು ಬಿಟ್ಟರು. ಎಷ್ಟೋ ಭಾನುವಾರ ಒಂದು ಕುರ್ಚಿಯಲ್ಲಿ ಶಾಲ್ಮಲಾ ತಾವೇ ಕುಳಿತು, ಹಲ್ಲು ಕಚ್ಚಿಕೊಂಡು, ನರ್ಸಿಗೆ ಹೀಗೆ ಹೊಲಿ, ಹಾಗೆ ಹೊಲಿ ಎಂದು ಹೇಳಿಕೊಡಬೇಕಾಯಿತು. ಶೆಟ್ಟರು ತಮ್ಮ ಅಂಗಳದ ಉಳಿದ ಹೆಂಗಸರಿಗೆ ವಿಮೆ ಮಾಡಿಸಿದರೇ ಎಂದು ಕೇಳಬೇಡಿ. ಮಾಡಿಸುವ ಮಾತು ಆಡಿದ್ದಾರೆ, ಇನ್ನೂ ಮಾಡಿಸಿಲ್ಲ.

ಇತ್ತ ಫಕ್ಕೀರವ್ವನದು ಬೇರೆಯೇ ಕಾಟ. ಕಂಡಾಗಲೆಲ್ಲ ಅವಳು ಶೆಟ್ಟರನ್ನು ಕೇಳುತ್ತಿದ್ದಳು. "ನಿಮ್ಮ ಗಡ್ಡಿ ಆಪರೇಶನ್ ಯಾವಾಗ್ರಿ? ಆವತ್ತ ಪಟ್ಟಿ ನನಗ ಕಟ್ಟಬೇಕು." ಮುಯ್ಯಿ ಮುಟ್ಟಿತು ಎಂದರೆ ಅವಳು ಒಪ್ಪುತ್ತಿರಲಿಲ್ಲ. ನೋವು ಅವಳು ಬೇಕೆಂದು ಕೊಟ್ಟದ್ದಲ್ಲ, ತಾನಾಗಿ ಹರಿದುಹೋದದ್ದು. ಬೇಕೆಂದು ಕೊಡದಿದ್ದರೆ ಅದೆಂಥ ಮುಯ್ಯಿ? ಶೆಟ್ಟರು ಅವಳನ್ನು ಕಂಡರೆ ದಾರಿ ಬದಲಿಸತೊಡಗಿದರು. ಕೊನೆಗೆ, ಗಡ್ಡೆ ಗುಳಿಗೆಯಲ್ಲೇ ಕರಗಿತೆಂದು ಇನ್ನೊಂದು ಸುಳ್ಳು ಹೇಳಿದರು. ಅವಳ ಮುಖ ಬಾಡಿತು. ಅದನ್ನು ನೋಡಲಾರದೆ, ಅವಳ ಎದೆ ಪೂರ್ತಿ ಗಟ್ಟಿಯಾದ ಮೇಲೆ ಒಂದು ಭಾನುವಾರ, ಶೆಟ್ಟರು ಧರ್ಮಾಸ್ಪತ್ರೆಗೆ ಬಂದರು. ಬಂದವರು ದಾನಿಗಳ ಕುರ್ಚಿಯಲ್ಲಿ ಕೂರದೆ ರೋಗಿಗಳ ಸಾಲಿನಲ್ಲಿ ನಿಂತರು.

"ಡಾಕ್ಟ್ರ, ನನ್ನದೊಂದು ಹಲ್ಲು ಕೀಳ್ರಿ," ಎಂದರು.

"ಯಾವ ಹಲ್ಲು ನೋಯುತ್ತಿದೆ?"

ಶೆಟ್ಟರು, ಫಕ್ಕೀರವ್ವ ಆಚೆ ಕುಳಿತಿದ್ದ ಪರದೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಯಾವುದಾದ್ರೂ ಆದೀತ್ರಿ. ಹಿಂದಿಂದು ಕೀಳ್ರಿ, ಕಾಣಂಗಿಲ್ಲ."

ಹುಬ್ಬಳ್ಳಿಗೆ ಹೋದರೆ ನೋವಿಲ್ಲದೆ ಕೀಳಿಸಿಕೊಳ್ಳಬಲ್ಲ ಮನುಷ್ಯ. ಕೀಳಿಸುವ ಅಗತ್ಯವೇ ಇಲ್ಲದ ಹಲ್ಲು. ವೈದ್ಯಶಾಸ್ತ್ರದ ಯಾವ ಪುಸ್ತಕವೂ ಇದಕ್ಕೆ ಒಪ್ಪದು. ಶಾಲ್ಮಲಾ ಪರದೆಯ ಆಚೆ ಹೋಗಿ ಫಕ್ಕೀರವ್ವನ ನಾಡಿ ನೋಡಿದರು, ಇಸಿಜಿ ತೆಗೆದರು, ಅವಳ ಕುರ್ಚಿಗೆ ಎಲ್ಲರಿಗಿಂತ ಸಣ್ಣ ಪಾಲು ಬರುವಂತೆ ಯಂತ್ರ ತಿರುಗಿಸಿ, ತಮ್ಮ ಕೈಯಾರೆ ಪಟ್ಟಿ ಕಟ್ಟಿದರು. ಈಚೆ ಬಂದು ಇಕ್ಕಳ ಹಿಡಿದರು.

ಹಲ್ಲು ಗಟ್ಟಿಯಿತ್ತು, ಬರಲು ಬಹಳ ಹೊತ್ತು ಹಿಡಿಯಿತು. ಶೆಟ್ಟರ ಕಣ್ಣಲ್ಲಿ ನೀರಾಡಿತು, ನೋವಿನಿಂದಂತೂ ಅಲ್ಲ. ಆಚೆ ಯಾರೋ ಹಲ್ಲು ಕಚ್ಚಿ ಉಸಿರೆಳೆದುಕೊಂಡ ಸದ್ದು ಕೇಳಿಸಿತು.

ಕೆಲಸ ಮುಗಿದ ಮೇಲೆ ಫಕ್ಕೀರವ್ವ ಪಟ್ಟಿ ಬಿಚ್ಚಿ ಈಚೆ ಬಂದಳು. ತಟ್ಟೆಯಲ್ಲಿದ್ದ ಹಲ್ಲನ್ನು ಬಗ್ಗಿ ನೋಡಿದಳು. ಹುಳುಕಿಲ್ಲದ, ಬೆಳ್ಳಗಿನ ಹಲ್ಲು. ಶೆಟ್ಟರು ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡಿದ್ದರಿಂದ ಮಾತನಾಡುವ ಕಷ್ಟ ಅವರಿಗೆ ತಪ್ಪಿತು. ಅವಳೂ ಏನನ್ನೂ ಕೇಳಲಿಲ್ಲ.

"ಬಹಳ ನೋವಾಯಿತೇ, ಫಕ್ಕೀರವ್ವ?" ಎಂದು ಕೇಳಿದರು ಶಾಲ್ಮಲಾ.

ಅವಳು ಉರಿಯುವ ಬೆರಳುಗಳಿಂದ ದವಡೆ ಒತ್ತಿಕೊಂಡಳು. ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನೆಮ್ಮದಿ ಕಂಡಿತು.

"ಹೂಂ ರಿ," ಎಂದಳು. "ಈ ಸಲ ಆತು."